ಒಂದು ದಿನದ ಮುಖ

ನಿನ್ನೆ ಮಧ್ಯಾಹ್ನ ತಂಗಿ ಹಾಕಿದ ಸ್ಟೋರಿ ಇಷ್ಟರಲ್ಲಿ ಅಳಿಸಿಹೋಗಿರಬೇಕು ಎಂದುಕೊಳ್ಳುತ್ತಲೇ ಸುಹರಾ ಫೋನ್ ತೆರೆದಳು. ಹೋಗಿತ್ತು. ‘ಚೆರಿಯಪುರ ಪಲಹಾರ’ ಎಂಬ ಅವರ ತಿಂಡಿ ವ್ಯಾಪಾರದ ಹೆಸರಿನ ಪಕ್ಕದ ಚಿತ್ರದ ಸುತ್ತ ಇದ್ದ ಬಣ್ಣದ ಬಳೆ ಕಾಣೆಯಾಗಿ ಬರೀ ಬೂದು ಗೆರೆ ಉಳಿದಿತ್ತು. ಎದೆಯೊಳಗೆ ಎಲ್ಲೋ ಬಿಗಿದಿದ್ದ ದಾರ ಸ್ವಲ್ಪ ಸಡಿಲವಾಯಿತು. ದಿನವೂ ಹೀಗೆಯೇ. ತಂಗಿ ನಸ್ರೀನಾ ಅಡುಗೆಮನೆಯ ಕಿಟಕಿಯ ಬೆಳಕಿಗೆ ಮುಖ ಕೊಟ್ಟು, ತಲೆಗೆ ಹೊದ್ದ ತಟ್ಟವನ್ನು ಕಿವಿಯ ಹಿಂದೆ ಸರಿಸಿ, ಫೋನಿನ ಎದುರು ಒಂದಿಷ್ಟು ಮಾತಾಡಿ ನಕ್ಕು ಅದನ್ನು ಊರಿಗೆಲ್ಲ ಹಂಚುತ್ತಿದ್ದಳು. ಕೋಝಿಕ್ಕೋಡಿನಲ್ಲಿ ಮದುವೆ ನಿಶ್ಚಯವಾದ ಮನೆಗಳ ಹೆಣ್ಣುಮಕ್ಕಳೆಲ್ಲ ಅದನ್ನು ನೋಡುತ್ತಿದ್ದರು, ಕೆಂಪು ಹೃದಯ ಒತ್ತುತ್ತಿದ್ದರು. ಒಂದು ದಿನ ಕಳೆದರೆ ಹೋಗುತ್ತದೆ ಎಂಬುದೊಂದೇ ಸುಹರಾಳಿಗೆ ಸಮಾಧಾನ. ಎಷ್ಟೇ ಚೆಂದದ ನಗುವಾದರೂ ನಾಳೆ ಈ ಹೊತ್ತಿಗೆ ಇರುವುದಿಲ್ಲ. ತಾನು ಕರಿದ ಬಾಳೆಹಣ್ಣಿನ ಉನ್ನಕ್ಕಾಯಿಯ ಹಾಗೆ ಅದೂ ಹಳಸುತ್ತದೆ. ಈ ಯೋಚನೆ ತನಗೆ ಎಷ್ಟು ಹಿತವಾಗಿದೆ ಎಂದು ಗಮನಕ್ಕೆ ಬಂದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಮಾರನೆಯ ಮಧ್ಯಾಹ್ನ ನಮಾಜು ಮುಗಿಸಿದ ಕೂಡಲೇ ಕೈ ಫೋನಿಗೆ ಹೋಗುತ್ತಿತ್ತು.

ಒಂದು ದಿನ ಆ ಸಮಾಧಾನವೂ ಹೋಯಿತು. ವೆಬ್‌ಸೈಟ್ ನೋಡಿಕೊಳ್ಳುವ ಶಿಜಿನಾ ಎಂಬ ಹುಡುಗಿ ಫೋನ್ ಮಾಡಿ, "ಇತ್ತಾ, ಆಯ್ತು ನೋಡಿ. ಪುಟದ ಮೇಲ್ಗಡೆ ಗುಂಡುಗುಂಡಾಗಿ ಕಾಣ್ತಿದೆಯಾ?" ಎಂದಳು. ಅಕ್ಕಂದಿರನ್ನೆಲ್ಲ ಇಲ್ಲಿ ‘ಇತ್ತಾ’ ಎಂದೇ ಕರೆಯುವುದು.

ಸುಹರಾ ಕಂಪ್ಯೂಟರಿನಲ್ಲಿ ನೋಡಿದಳು. ಕಾಣುತ್ತಿತ್ತು. ಇಷ್ಟು ದಿನ ಅಲ್ಲಿ ಮನೆಯ ಹಳೆಯ ಮರದ ಬಾಗಿಲಿನ ಫೋಟೋ ಇತ್ತು. ಅದನ್ನು ತೆಗೆದವಳು ಸುಹರಾ, ವೆಬ್‌ಸೈಟ್ ಬೇಕು ಎಂದು ಹಟ ಹಿಡಿದವಳೂ ಅವಳೇ. ಈಗ ಬಾಗಿಲು ಕೆಳಗೆ ಸರಿದು, ಅದರ ನೆತ್ತಿಯ ಮೇಲೆ ದುಂಡು ಚೌಕಟ್ಟಿನೊಳಗೆ ನಸ್ರೀನಾಳ ಇವತ್ತಿನ ಮುಖ ಕೂತಿತ್ತು.

"ನಸ್ರೀನಾತ್ತ ಹಾಕಿದ ಕೂಡಲೇ ಇಲ್ಲೂ ಬರುತ್ತೆ. ಒಂದು ದಿನ ಆದ್ಮೇಲೆ ಅಲ್ಲಿ ಹೋದ ಹಾಗೆ ಇಲ್ಲೂ ಹೋಗುತ್ತೆ."

"ಹೋಗುತ್ತಲ್ಲ?"

"ಹೋಗುತ್ತೆ. ಆದ್ರೆ ಚೆನ್ನಾಗಿರೋದನ್ನ ಯಾಕೆ ಹೋಗೋಕೆ ಬಿಡ್ಬೇಕು? ಕೆಳಗೆ ‘ಉಳಿಸು’ ಅಂತ ಇದೆಯಲ್ಲ, ಅದನ್ನ ಒತ್ತಿಬಿಡಿ. ನೀವಾಗಿ ತೆಗೆಯೋವರೆಗೂ ಇರುತ್ತೆ. ಆರ್ಡರ್ ಕೊಡೋಕೆ ಬರೋರು ಮೊದಲು ನೋಡೋದೇ ಅದನ್ನ."

ಫೋನಿಟ್ಟ ಮೇಲೂ ಸುಹರಾ ಪರದೆಯನ್ನು ನೋಡುತ್ತಲೇ ಕೂತಳು. ನಸ್ರೀನಾ ಹುಟ್ಟಿದಾಗ ಅವಳಿಗೆ ಹದಿನೈದು. ಹೆರಿಗೆಯ ಕೋಣೆಯಿಂದ ಮಗುವನ್ನು ಎತ್ತಿಕೊಂಡು ಬಂದು ನಡುಮನೆಯಲ್ಲಿ ಕೂತಿದ್ದ ಹೆಂಗಸರಿಗೆ ತೋರಿಸಿದವಳು ಅವಳೇ. ಬಟ್ಟೆ ಸರಿಸಿ ನೋಡಿದ ಒಬ್ಬಾಕೆ, ದೇವರು ಕೊನೆಗೂ ಈ ಮನೆ ಕಡೆ ಕಣ್ಣು ತೆರೆದ ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಸುಹರಾಳೂ ನಕ್ಕಿದ್ದಳು, ಮಾತು ತನಗೆ ತಾಗಿದ್ದು ಮಗುವನ್ನು ಒಳಗೆ ಮಲಗಿಸಿ ಬಂದ ಮೇಲೆ. ಆದರೆ ಆ ಮಗುವಿಗೆ ಸ್ನಾನ ಮಾಡಿಸಿದ್ದು, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಅಂಗಳದ ತುಂಬ ಅಡ್ಡಾಡಿದ್ದು, ಮದುವೆಯ ದಿನ ಕಣ್ಣಿಗೆ ಸುರ್ಮ ಹಚ್ಚಿದ್ದು ಎಲ್ಲವೂ ಅವಳೇ. ಅದರಲ್ಲಿ ಯಾವುದೂ ಸುಳ್ಳಲ್ಲ. ಇದೂ ಸುಳ್ಳಲ್ಲ. ಎರಡೂ ಒಂದೇ ಎದೆಯೊಳಗೆ ಹೇಗೆ ಹಿಡಿಸುತ್ತವೆ ಎಂದು ಕೇಳಬಹುದಾದವರು ಯಾರೂ ಅವಳಿಗಿರಲಿಲ್ಲ. ಹೆತ್ತ ಉಮ್ಮನ ಹತ್ತಿರ ಒಮ್ಮೆ ಹಗುರಾಗಿ, "ಎಲ್ಲಾರೂ ನಸ್ರೀನಾ ಮಾಡಿದ್ದು ನಸ್ರೀನಾ ಮಾಡಿದ್ದು ಅಂತಾರೆ" ಎಂದಿದ್ದಳು. ಉಮ್ಮ ವೀಳ್ಯ ಅಗಿಯುವುದನ್ನು ನಿಲ್ಲಿಸದೆ, "ದೇವರು ನಿನ್ನ ಕೈಗೆ ರುಚಿ ಕೊಟ್ಟ, ಅವಳ ಮುಖಕ್ಕೆ ಬೆಳಕು ಕೊಟ್ಟ. ಹಂಚಿಕೊಂಡು ತಿನ್ನಿ" ಎಂದುಬಿಟ್ಟಳು. ಹಂಚಿದವನು ಯಾವುದು ದೊಡ್ಡದು ಎಂದು ಹೇಳಿರಲಿಲ್ಲ.

"ಇತ್ತಾ, ಬಂತಾ?" ನಸ್ರೀನಾ ಕೈ ಒರೆಸಿಕೊಳ್ಳುತ್ತ ಬಂದು ಅಕ್ಕನ ಹೆಗಲ ಮೇಲೆ ಗಲ್ಲ ಇಟ್ಟು ಪರದೆ ನೋಡಿದಳು. "ಯಾ ಅಲ್ಲಾ, ನನ್ನ ಮೂಗು ನೋಡಿ. ಇದು ನಾಳೆ ಹೋಗಲಿ. ಆದ್ರೆ ಇವತ್ತು ಬೆಳಗ್ಗೆದು ಇದೆಯಲ್ಲ, ಮುಟ್ಟಮಾಲೆದು, ಅದು ಮಾತ್ರ ಹೋಗಬಾರದು. ಎಷ್ಟು ಜನ ನೋಡಿದ್ರು ಗೊತ್ತಾ? ಅದನ್ನ ಉಳಿಸಿಬಿಡಿ ಇತ್ತಾ."

ಮುಟ್ಟಮಾಲೆ ಮಾಡುವುದು ಈ ಮನೆಯಲ್ಲಿ ಸುಹರಾಳೊಬ್ಬಳಿಗೇ ಬರುತ್ತಿತ್ತು. ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ, ಸಣ್ಣ ತೂತು ಕೊರೆದ ಚಿಪ್ಪಿಗೆ ಹುಯ್ದು, ಕುದಿಯುವ ಸಕ್ಕರೆ ಪಾಕದ ಮೇಲೆ ಸುತ್ತ ಸುತ್ತ ತಿರುಗಿಸಬೇಕು. ಕೈ ನಿಂತರೆ ಎಳೆ ದಪ್ಪ, ಓಡಿದರೆ ಎಳೆ ತುಂಡು. ಸ್ಟೋರಿಯಲ್ಲಿ ಮೊದಲು ಕಾಣುವುದು ನಸ್ರೀನಾಳ ಮುಖ. "ಇವತ್ತು ನಮ್ಮನೆ ಮುಟ್ಟಮಾಲೆ, ಕೈ ನೋಡಿ ಕೈ" ಎಂದು ಅವಳು ಹೇಳುತ್ತಾಳೆ. ಆಮೇಲೆ ಒಂದು ಕೈ ಪಾಕದ ಮೇಲೆ ತಿರುಗುತ್ತದೆ, ಹೊನ್ನಿನ ಎಳೆ ಇಳಿಯುತ್ತದೆ. ಆಮೇಲೆ ಮತ್ತೆ ನಸ್ರೀನಾಳ ಮುಖ. ನನ್ನ ಕೈ ಎಂದು ಅವಳು ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ. ಎರಡು ಮುಖಗಳ ನಡುವೆ ಸಿಕ್ಕ ಕೈ ಇನ್ಯಾರದಾಗುತ್ತದೆ? ಸುಹರಾ ‘ಉಳಿಸು’ ಒತ್ತಿದಳು. ನಸ್ರೀನಾ ಅವಳ ಕೆನ್ನೆಗೆ ಮುತ್ತು ಕೊಟ್ಟು ಒಲೆಯ ಕಡೆ ಹೋದಳು.

ಸಂಜೆ ಕುವೈತಿನಿಂದ ಸುಹರಾಳ ಗಂಡ ಬೀರಾನ್‌ಕೋಯನ ದನಿಯ ಸಂದೇಶ ಬಂತು. ಹಿತ್ತಲ ಮೆಟ್ಟಿಲ ಮೇಲೆ ಕೂತು ಅದನ್ನು ಕಿವಿಗಿಟ್ಟುಕೊಂಡಳು. ಅವನು ಹೋಗಿ ಬಂದು ಮಾಡುತ್ತ ಅವರ ಮದುವೆಯ ಹೆಚ್ಚಿನ ಪಾಲು ಫೋನಿನಲ್ಲೇ ಕಳೆದಿತ್ತು. ರೂಮಿನ ಏಸಿ ಕೆಟ್ಟಿದ್ದು, ಮೊಣಕಾಲಿನ ನೋವು ಎಲ್ಲ ಹೇಳಿ, ಕೊನೆಗೆ, "ಸುಹರಾ, ಇವತ್ತು ನಸ್ರೀನಾದು ನೋಡ್ದೆ. ರೂಮಲ್ಲಿ ಎಲ್ಲಾರಿಗೂ ತೋರಿಸ್ದೆ. ಆ ಕೈ ಏನು ಚುರುಕು ಮಾರಾಯ್ತಿ. ನೀನೂ ಹತ್ತಿರ ನಿಂತು ಕಲ್ತುಕೋ" ಎಂದು ನಕ್ಕಿದ್ದ.

ಸುಹರಾ ಅದನ್ನು ಇನ್ನೊಮ್ಮೆ ಕೇಳಿದಳು. ತಮಾಷೆ ಮಾಡುತ್ತಿದ್ದಾನೆಯೇ? ಇಲ್ಲ. ತಮಾಷೆ ಮಾಡುವಾಗ ಅವನು ಮೊದಲೇ ಕೆಮ್ಮುತ್ತಾನೆ. ಬಲಗೈ ಚಾಚಿ ನೋಡಿದಳು. ಮಣಿಕಟ್ಟಿನ ಒಳಬದಿಗೆ ಎಲೆಯ ಆಕಾರದ ಸುಟ್ಟ ಕಲೆ. ಅವನು ಹೊಸ ಅಳಿಯನಾಗಿ, ಪುಯ್ಯಾಪ್ಲನಾಗಿ ಈ ಮನೆಗೆ ಬಂದಿದ್ದ ಮೊದಲ ನೋಂಬಿನ ಉಪವಾಸದಲ್ಲಿ, ಅವನಿಗೆಂದೇ ಎಣ್ಣೆ ಕಾಯಿಸುವಾಗ ಆದದ್ದು. ಅವತ್ತು ಮೇಲಿನ ಕೋಣೆಯಲ್ಲಿ ಅವನು ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಊದಿದ್ದ, ಉರಿ ಆರುವವರೆಗೂ ಬಿಟ್ಟಿರಲಿಲ್ಲ. ಸ್ಟೋರಿಯಲ್ಲಿ ಆ ಕಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಹೆಂಡತಿಯ ಕೈಯನ್ನು ಅವನು ರೂಮಿನ ಗಂಡಸರಿಗೆಲ್ಲ ತೋರಿಸಿದ್ದ, ಹೆಂಡತಿಯ ತಂಗಿಯದೆಂದು. ಅದು ನನ್ನ ಕೈ ಎಂದು ಹೇಳಲು ಗುಂಡಿ ಒತ್ತಿ ಹಿಡಿದಳು. ಬಾಯಿಂದ ಬಂದದ್ದು, "ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ" ಎಂದಷ್ಟೇ. ಹೇಳಿ ತಿಳಿಸಬೇಕಾದ ಮೇಲೆ ಅದು ತನ್ನ ಕೈಯಾಗಿ ಉಳಿದು ಏನು ಪ್ರಯೋಜನ ಅನ್ನಿಸಿತು. ಅವನ ಮೇಲೆ ಬರಬೇಕಾದ ಸಿಟ್ಟು ಅವನ ಮೇಲೆ ಬರಲಿಲ್ಲ. ಒಳಗೆ ನಸ್ರೀನಾ ಯಾವುದೋ ಮದುವೆಮನೆಯ ಒಪ್ಪನ ಹಾಡು ಗುನುಗುತ್ತ ಪಾತ್ರೆ ಜೋಡಿಸುತ್ತಿದ್ದಳು. ಆ ಗುನುಗು ಕೇಳಿ ಸುಹರಾ ಹಲ್ಲು ಕಚ್ಚಿಕೊಂಡಳು.

ಮಾರನೆಯ ದಿನ ಕಲ್ಲಾಯಿಯ ಒಂದು ಮನೆಯಲ್ಲಿ ಅಳಿಯನ ಸತ್ಕಾರ. ಬೆಳಗಿನಿಂದ ಎಲ್ಲರಿಗೂ ಕೈತುಂಬ ಕೆಲಸ. ತಿಂಡಿಯೆಲ್ಲ ಗಾಡಿ ಹತ್ತಿ ಹೋದ ಮೇಲೆ ಸುಹರಾ ಮೇಜಿನ ಮುಂದೆ ಕೂತು ಅವತ್ತಿನ ಸ್ಟೋರಿ ನೋಡಿದಳು. ಮೊದಲ ಸಲ ನೋಡಿದಾಗ ಏನೂ ಕಾಣಲಿಲ್ಲ. ನಸ್ರೀನಾ ಪಾಕದ ಪಾತ್ರೆಯ ಪಕ್ಕ ನಿಂತು ಮಾತಾಡುತ್ತಿದ್ದಳು, ಅಷ್ಟೇ. ಆದರೆ ಸುಹರಾ ಒಂದು ಸಲ ನೋಡಿ ಬಿಡುವವಳಲ್ಲ. ಇದರಲ್ಲಿ ಜನ ಏನು ಕಾಣುತ್ತಾರೆ, ಈ ನಗುವಿನಲ್ಲಿ ಅಂಥದ್ದೇನಿದೆ ಎಂದು ಹುಡುಕುತ್ತ ಮತ್ತೆ ಮತ್ತೆ ನೋಡುವುದು ಅವಳಿಗೆ ರೂಢಿಯಾಗಿತ್ತು. ಹಾಗೆ ನೋಡುವಾಗ ಕಂಡಿತು. ಮಾತಿನ ನಡುವೆ ನಸ್ರೀನಾ ಸೌಟಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಚಪ್ಪರಿಸಿ, ಅದೇ ಸೌಟನ್ನು ಪಾತ್ರೆಯೊಳಕ್ಕೆ ಇಳಿಸಿಬಿಟ್ಟಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗಿತ್ತು. ಅವಳಿಗೂ ತಿಳಿದಿರಲಾರದು.

ಕೂಗಿ ಹೇಳಿದ್ದರೆ ಆಗುತ್ತಿತ್ತು. ಎಂದಿನ ಹಾಗೆ ಮುದ್ದಿನಿಂದ ಕರೆದು, ‘ಮೋಳೇ, ಇದನ್ನ ತೆಗಿ’ ಎಂದರೆ ಸಾಕು. ನಸ್ರೀನಾ ಪಕ್ಕದ ಕೋಣೆಯಲ್ಲೇ ಮಗಳಿಗೆ ಜಡೆ ಹಾಕುತ್ತಿದ್ದಳು. ನಾಳೆ ತಾನಾಗಿ ಹೋಗುತ್ತದೆ, ಯಾರು ಇಷ್ಟು ಕಣ್ಣಿಟ್ಟು ನೋಡುತ್ತಾರೆ ಎಂದುಕೊಂಡಳು ಸುಹರಾ. ಆ ಯೋಚನೆಯ ಬಾಲ ಹಿಡಿದುಕೊಂಡೇ ಇನ್ನೊಂದು ಬಂತು: ಹೋಗದಿದ್ದರೆ? ಅವಳ ಬೆರಳು ಆಗಲೇ ‘ಉಳಿಸು’ ಎಂಬುದರ ಮೇಲಿತ್ತು. ಒಳ್ಳೆಯ ಸ್ಟೋರಿ, ಬೆಳಕು ಚೆನ್ನಾಗಿದೆ, ಹಿಂದೆ ತಾಮ್ರದ ಪಾತ್ರೆಗಳು ಹೊಳೆಯುತ್ತಿವೆ, ಉಳಿಸಿದರೆ ತಪ್ಪೇನು ಎಂದು ತನಗೆ ತಾನೇ ಹೇಳಿಕೊಂಡಳು. ಯಾರಾದರೂ ಕೇಳಿದರೆ ಹೇಳಲು ಆ ಮಾತು ಸಿದ್ಧವಾಗಿತ್ತು. ಒತ್ತಿದಳು. ಒತ್ತಿದ ಮೇಲೆ ಹೊರಗೆ ಬಂದು ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಮಡಚಿದಳು, ನಸ್ರೀನಾಳ ಬಟ್ಟೆಗಳನ್ನು ಎಂದಿಗಿಂತ ಅಂದವಾಗಿ.

ಕೆಲವು ದಿನ ಏನೂ ಆಗಲಿಲ್ಲ. ಏನೂ ಆಗದಿರುವುದರಿಂದ ತನಗೆ ನೆಮ್ಮದಿಯಾಗುತ್ತಿದೆಯೋ ನಿರಾಸೆಯಾಗುತ್ತಿದೆಯೋ ಅವಳಿಗೇ ತಿಳಿಯಲಿಲ್ಲ. ಮುಂದಿನ ತಿಂಗಳ ದೊಡ್ಡ ಮದುವೆಯೊಂದರ ತಿಂಡಿಯೆಲ್ಲ ಇವರಿಗೇ ಎಂದು ಮಾತಾಗಿತ್ತು. ಆ ಮನೆಯ ಹೆಂಗಸು ಒಂದು ಬೆಳಗ್ಗೆ ಫೋನ್ ಮಾಡಿದಾಗ ಎತ್ತಿದವಳು ನಸ್ರೀನಾ. ಎಂದಿನ ಹಾಗೆ ನಗುತ್ತ ಸಲಾಂ ಹೇಳಿದಳು. ಆಮೇಲೆ ಅವಳ ಮಾತು ನಿಂತುಹೋಯಿತು. ಆ ಕಡೆಯ ದನಿ ಸುಹರಾ ಕೂತಲ್ಲಿಗೂ ಕೇಳುತ್ತಿತ್ತು.

"ನಮ್ಮನೇ ಹುಡುಗಿಯರು ಏನು ಮಾಡಿಸೋಣ ಅಂತ ನಿಮ್ಮ ಸೈಟ್ ತೆಗೆದು ಕೂತಿದ್ರು. ಅಲ್ಲೇ ಮೇಲ್ಗಡೆ ಇಟ್ಟಿದ್ದೀರಲ್ಲಮ್ಮ, ನೆಕ್ಕಿದ ಸೌಟು ಪಾತ್ರೆಗೆ ಹಾಕೋದನ್ನ. ನಮ್ಮ ಮನೆಗೆ ಬರೋ ಪುಯ್ಯಾಪ್ಲನಿಗೆ ನಿನ್ನ ಎಂಜಲು ತಿನ್ನಿಸ್ಲಾ?"

ಮಧ್ಯಾಹ್ನದೊಳಗೆ ಆ ತುಣುಕು ಊರಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿತು. ಸೌಟು ನಾಲಿಗೆಗೆ ತಾಗುವಲ್ಲಿ ಯಾರೋ ಕೆಂಪು ಸುತ್ತು ಹಾಕಿದ್ದರು. ಕಲ್ಲಾಯಿಯ ಮನೆಯವರು ಫೋನ್ ಮಾಡಿ ಬೈದರು. ಸಂಜೆ ಬಂದ ನಸ್ರೀನಾಳ ಗಂಡ ಮುನೀರ್ ಚಹಾ ಮುಟ್ಟಲಿಲ್ಲ. "ನಮ್ಮ ಮನೇಲಿ ಉಮ್ಮ ಕೇಳ್ತಿದ್ದಾರೆ, ನಿನ್ನ ಹೆಂಡ್ತಿ ಅಡುಗೆ ಮಾಡ್ತಾಳಾ ಕುಣೀತಾಳಾ ಅಂತ. ನಾನೇನು ಹೇಳ್ಲಿ?" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಎದ್ದುಹೋದ. ಆ ರಾತ್ರಿ ಅವನು ಬರಲಿಲ್ಲ, ಮರುದಿನವೂ ಬರಲಿಲ್ಲ. ಮದುವೆಯಾದ ಮೇಲೂ ಹೆಣ್ಣು ತಾಯಿಮನೆಯಲ್ಲೇ ಇರುವ ಈ ತೆಕ್ಕೇಪುರದ ಬೀದಿಗಳಲ್ಲಿ ಗಂಡ ಸಂಜೆ ಹೆಂಡತಿಯ ಮನೆಗೆ ಬರಲಿಲ್ಲವೆಂದರೆ ಅದನ್ನು ಯಾರಿಗೂ ಹೇಳಬೇಕಾಗಿಲ್ಲ, ಎದುರುಮನೆಯ ಕಿಟಕಿಗಳೇ ನೋಡಿಕೊಳ್ಳುತ್ತವೆ.

ನಸ್ರೀನಾ ಅತ್ತು ಕಿರುಚಲಿಲ್ಲ. ಗ್ಯಾಸಿನ ಒಲೆಯನ್ನು ಉಜ್ಜಿದಳು, ಆಮೇಲೆ ಪಾತ್ರೆಗಳನ್ನು, ಆಮೇಲೆ ಸೌಟುಗಳನ್ನು. ಅವಳ ಮುಖದಲ್ಲಿ ಆ ಬೆಳಕು ಇರಲಿಲ್ಲ. ಅಷ್ಟು ವರ್ಷ ಅದು ಆರುವುದನ್ನು ಕಾಯುತ್ತಿದ್ದೆನೇ ಎಂದು ಸುಹರಾಳಿಗೆ ಗಾಬರಿಯಾಯಿತು. ಬೆಳಕಿಲ್ಲದ ಆ ಮುಖ ತನ್ನ ಮುಖದ ಹಾಗೆಯೇ ಇತ್ತು, ಅದೇ ಅಗಲ ದವಡೆ, ಅದೇ ಜೋತ ರೆಪ್ಪೆ. ಅಕ್ಕತಂಗಿಯರಿಗೆ ಹೋಲಿಕೆ ಇದೆ ಎಂದು ಯಾರೂ ಇದುವರೆಗೆ ಹೇಳಿರಲಿಲ್ಲ.

"ಒಂದು ದಿನಕ್ಕೆ ಹೋಗ್ಬೇಕಾದ್ದು ಹೇಗೆ ಉಳೀತು ಇತ್ತಾ?" ಎಂದು ನಸ್ರೀನಾ ಕೇಳಿದಾಗ ಸುಹರಾ ಉಜ್ಜಿ ಇಟ್ಟಿದ್ದ ಸೌಟೊಂದನ್ನು ಎತ್ತಿ ಒರೆಸತೊಡಗಿದಳು. ಸಿದ್ಧವಾಗಿಟ್ಟಿದ್ದ ಮಾತು, ಬೆಳಕು ಚೆನ್ನಾಗಿತ್ತು ಎಂಬ ಮಾತು, ಹೊರಗೆ ಬರಲಿಲ್ಲ. ನಸ್ರೀನಾ ಶಿಜಿನಾಳಿಗೆ ಫೋನ್ ಮಾಡಿದಳು. ಹೊರಗೆ ಕೇಳುವ ಹಾಗೆ ಇಟ್ಟಿದ್ದಳು.

"ತಾನಾಗಿ ಉಳಿಯಲ್ಲ ನಸ್ರೀನಾತ್ತ. ಯಾರೋ ಒತ್ತಿರ್ಬೇಕು."

ಅಡುಗೆಮನೆಯಲ್ಲಿ ಇದ್ದವರು ಇಬ್ಬರೇ. ನಸ್ರೀನಾ ತನ್ನ ಬೆರಳುಗಳನ್ನು ನೋಡಿಕೊಂಡು, "ನಾನೇ ಇರ್ಬೇಕು" ಎಂದಳು. "ಫೋನಲ್ಲೂ ಬರುತ್ತಲ್ಲ ಅದು. ಸುಮ್ಮನೆ ಏನೇನೋ ಒತ್ತುತಾ ಇರ್ತೀನಿ. ನನ್ನ ಬೆರಳಿಗೆ ಬುದ್ಧಿ ಎಲ್ಲಿದೆ." ಫೋನಿಟ್ಟು ಅಕ್ಕನ ಕಡೆ ತಿರುಗಿದಳು. "ನಿಮ್ಮ ಇಷ್ಟು ವರ್ಷದ ಹೆಸರನ್ನ ಹಾಳು ಮಾಡಿಬಿಟ್ಟೆ ಇತ್ತಾ." ಸುಹರಾ ಅವಳ ಕಣ್ಣನ್ನೇ ನೋಡಿದಳು. ಅನುಮಾನ ಇದ್ದಿದ್ದರೆ, ಒಂದು ಚುಚ್ಚುಮಾತು ಇದ್ದಿದ್ದರೆ, ಅದಕ್ಕೆ ತಾನು ಸಿಟ್ಟಾಗಿ ಏನಾದರೂ ಅಂದು, ಅಲ್ಲಿಂದ ಬಾಯಿ ಬಿಡಬಹುದಿತ್ತು. ಏನೂ ಇರಲಿಲ್ಲ. ತಂಗಿ ನಿಜವಾಗಿಯೂ ಕ್ಷಮೆ ಕೇಳುತ್ತಿದ್ದಳು.

ಉಪಾಯ ಹೇಳಿದವಳೂ ನಸ್ರೀನಾಳೇ. "ಇನ್ನು ನಾನು ಬಂದ್ರೆ ಯಾರೂ ನಂಬಲ್ಲ. ನೀವು ಮಾತಾಡಿ. ಮಾಡೋರು ನೀವು, ಇಷ್ಟು ದಿನ ನಾನು ನಿಮ್ಮ ಮುಂದೆ ನಿಂತಿದ್ದೆ ಅಷ್ಟೇ. ಅದು ಮನೆಗೆ ಮಾಡಿಕೊಂಡ ಪಾಕ, ಆರ್ಡರಿನ ಪಾತ್ರೆ ಬೇರೆ ಇತ್ತು ಅಂತ ಹೇಳಿಬಿಡಿ."

"ಸುಳ್ಳಾಗುತ್ತಲ್ಲ ಮೋಳೇ."

"ನನಗೋಸ್ಕರ. ಒಂದ್ಸಲ."

ತಾನು ಇಷ್ಟು ವರ್ಷ ಬಯಸಿದ್ದು ಇದನ್ನೇ ಎಂದು ಸುಹರಾಳಿಗೆ ಗೊತ್ತಾದದ್ದು ಕಿಟಕಿಯ ಬೆಳಕಿನಲ್ಲಿ ನಿಂತಾಗ. ನಸ್ರೀನಾ ಅವಳ ತಟ್ಟ ಸರಿಪಡಿಸಿದಳು, ಹಣೆಯ ಬೆವರು ಒರೆಸಿದಳು, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, "ಎಷ್ಟು ಚೆಂದ ಕಾಣ್ತಿದ್ದೀರಿ" ಎಂದಳು. ಸುಹರಾ ಮಾತಾಡಿದಳು. ದನಿ ನಡುಗಿತು. ಆ ನಡುಕವೇ ಸುಳ್ಳನ್ನು ನಿಜ ಮಾಡಿತು. "ನನ್ನ ಹೆಸರು ಸುಹರಾ. ಈ ಅಡುಗೆಮನೇಲಿ ಒಲೆ ಮುಂದೆ ನಿಲ್ಲೋಳು ನಾನು. ನೀವು ನೋಡಿದ ಪಾತ್ರೆ ನಮ್ಮ ಮನೆ ಮಕ್ಕಳಿಗೆ ಮಾಡಿದ್ದು. ನಿಮ್ಮ ಮನೆಗೆ ಬರೋದನ್ನ ನನ್ನ ಕೈ ಬಿಟ್ಟು ಇನ್ಯಾರೂ ಮುಟ್ಟಲ್ಲ." ಕೊನೆಯ ಮಾತು ಯಾರೂ ಹೇಳಿಕೊಟ್ಟದ್ದಲ್ಲ. ಅದು ಬಾಯಿಂದ ಹೊರಟ ಮೇಲೆ ಅವಳಿಗೆ ಒಳಗೆಲ್ಲ ಬಿಸಿಯಾಯಿತು. ತಂಗಿಯನ್ನು ಉಳಿಸುವ ಮಾತಿನ ನಡುವೆಯೂ ತಂಗಿಯನ್ನು ಒಲೆಯ ಮುಂದಿನಿಂದ ಆಚೆಗೆ ತಳ್ಳಿಬಿಟ್ಟಿದ್ದಳು.

ಜನ ನಂಬಿದರು. ಈ ಮುಖ ನೋಡಿದರೆ ಸುಳ್ಳು ಹೇಳುವವಳ ಹಾಗಿಲ್ಲ ಎಂದು ಬರೆದರು. ನಮ್ಮ ಉಮ್ಮನ ಹಾಗಿದ್ದೀರಿ ಎಂದರು. ದೊಡ್ಡ ಮದುವೆಯವರು ಒಂದು ವಾರ ಕಾದು ತಿರುಗಿ ಬಂದರು. ಮುನೀರ್ ಒಂದು ಸಂಜೆ ಮಗಳಿಗೆ ಹಲ್ವದ ಪೊಟ್ಟಣ ಹಿಡಿದುಕೊಂಡು, ಏನೂ ಆಗಿಲ್ಲವೆಂಬಂತೆ ಬಂದು ಕೂತ. ಕುವೈತಿನಿಂದ ಬೀರಾನ್‌ಕೋಯ, "ನಿನ್ನ ಮುಖ ಹೀಗಿದೆ ಅಂತ ನನಗೆ ಮರೆತೇಹೋಗಿತ್ತು" ಎಂದ. ಕೆಮ್ಮಲಿಲ್ಲ. ಅವಳು ಆ ಮಾತನ್ನು ಎಷ್ಟೋ ಸಲ ಕೇಳಿದಳು. ಒಂದು ನಿಕಾಹ್ ಮನೆಯಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ಅವಳ ಗಲ್ಲ ಹಿಡಿದು, "ಫೋನಿನ ಒಳಗೆ ಮಾತಾಡಿದವಳು ನೀನೇ ಅಲ್ಲವಾ" ಎಂದು ಕೇಳಿದಾಗ ಸುಹರಾಳ ಕಣ್ಣು ತುಂಬಿತು. ಸಂತೋಷವೇ ಅದು. ಅದರಲ್ಲಿ ಸಂದೇಹವಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕುಟ್ಟಿಚ್ಚಿರ ಕೆರೆಯ ಕಟ್ಟೆಯ ಹತ್ತಿರ ಅವಳು ನಿಂತು, ಮುದುಕಿ ಹಿಡಿದಿದ್ದ ಗಲ್ಲವನ್ನು ತಟ್ಟದ ಅಂಚಿನಿಂದ ಒರೆಸಿಕೊಂಡಳು.

ತಾನು ಮಾತಾಡಿ ಉಳಿಸಿಟ್ಟ ಆ ಸ್ಟೋರಿಯನ್ನು ತೆಗೆದುಬಿಡೋಣ ಎಂದಳು ಸುಹರಾ ಒಂದು ದಿನ. "ಸಾಕು, ಎಲ್ಲಾರೂ ನೋಡಿ ಆಯ್ತಲ್ಲ."

"ಅದನ್ನ ತೆಗೆಯೋದಾ? ನಮ್ಮನ್ನ ಉಳಿಸಿದ್ದೇ ಅದು" ಎಂದಳು ನಸ್ರೀನಾ. ಸೈಟಿನ ಪಾಸ್‌ವರ್ಡ್ ಈಗ ನಸ್ರೀನಾಳ ಹತ್ತಿರ ಇರಲಿಲ್ಲ. ತನ್ನ ಬೆರಳನ್ನು ನಂಬಲಾಗದೆಂದು ಅವಳೇ ಅಕ್ಕನೊಬ್ಬಳಿಗೇ ಬಿಟ್ಟುಕೊಟ್ಟಿದ್ದಳು. ಸುಹರಾ ಎಷ್ಟೋ ಸಲ ತೆಗೆಯಲು ಕೂತಳು. ಮೊದಲ ದುಂಡಿನೊಳಗೆ ತನ್ನ ಮುಖ, ಸುಳ್ಳಿಗೆ ನಡುಗುತ್ತಿರುವ ತುಟಿ. ಬೆರಳು ಹೋಗುತ್ತಿತ್ತು. ಅಷ್ಟರಲ್ಲಿ ಎಷ್ಟು ಜನ ನೋಡಿದ್ದಾರೆ ಎಂಬ ಕಡೆ ಕಣ್ಣು ಜಾರುತ್ತಿತ್ತು, ತಂಗಿಯ ಯಾವ ಸ್ಟೋರಿಯನ್ನೂ ಇಷ್ಟು ಜನ ನೋಡಿರಲಿಲ್ಲ ಎಂದು ಮನಸ್ಸು ಹೇಳುತ್ತಿತ್ತು, ಬೆರಳು ಹಿಂದೆ ಬರುತ್ತಿತ್ತು.

ಈಗ ದಿನವೂ ಕಿಟಕಿಯ ಮುಂದೆ ನಿಲ್ಲುವವಳು ಸುಹರಾ. ಫೋನ್ ಹಿಡಿಯುವವಳು ನಸ್ರೀನಾ. ಅವತ್ತು ಪದರ ಪದರದ ಚಟ್ಟಿಪತ್ತಿರಿ. ಮುಚ್ಚಳ ತೆಗೆದು, ಆವಿ ಆರುವುದನ್ನು ಕಾಯುತ್ತಿರುವಾಗ ಸುಹರಾ ಫೋನಿನ ಗಾಜನ್ನು ದಾಟಿ ಅದರ ಹಿಂದಿನ ಮುಖವನ್ನು ನೋಡಿದಳು. ಕೆಲವು ದಿನಗಳಿಂದ ಅವಳು ಹೀಗೆ ಕಳ್ಳತನದಲ್ಲಿ ನೋಡುತ್ತಿದ್ದಳು. ಬದಿಗೆ ಸರಿಸಲ್ಪಟ್ಟವಳ ತುಟಿಯ ಮೂಲೆ ಎಲ್ಲಿ ಬಿಗಿಯುತ್ತದೆ, ಕಣ್ಣು ಯಾವ ಗಳಿಗೆಯಲ್ಲಿ ಬೇರೆ ಕಡೆ ಹೋಗುತ್ತದೆ, ಹೊಗಳುವ ಮಾತಿಗೆ ಮುಂಚೆ ಉಸಿರು ಹೇಗೆ ತಡೆಯುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಅದರಲ್ಲಿ ಒಂದಾದರೂ ತಂಗಿಯ ಮುಖದಲ್ಲಿ ಸಿಕ್ಕಿದ್ದರೆ ಅವಳ ಪಕ್ಕದಲ್ಲಿ ಕೂತು ಊಟ ಮಾಡಬಹುದಿತ್ತು, ಅವಳ ತಲೆ ನೇವರಿಸಬಹುದಿತ್ತು, ಒಂದು ದಿನ ಎಲ್ಲವನ್ನೂ ಹೇಳಿಬಿಡಲೂಬಹುದಿತ್ತು. ಹುಡುಕಿದಳು. ನಸ್ರೀನಾ ಒಂದು ಕಣ್ಣು ಕಿರಿದು ಮಾಡಿ, ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು, ಅಕ್ಕ ಚೆಂದ ಕಾಣಬೇಕೆಂದು ಫೋನನ್ನು ಅತ್ತಿತ್ತ ಸರಿಸುತ್ತಿದ್ದಳು. ಆ ಮುಖದಲ್ಲಿ ಇನ್ನೇನೂ ಇರಲಿಲ್ಲ.

"ಮಾತಾಡಿ ಇತ್ತಾ" ಎಂದಳು. "ಶುರುವಾಗಿದೆ."